ಮಲಪ್ರಭೆ ದಾಟಿದವನು ಗ್ರೀಸಿನಲ್ಲಿ ಈಜು ಕಲಿತದ್ದು

ಸುಳ್ಳು ಹೇಳುವುದು ಕಷ್ಟವಲ್ಲ, ಹೇಳಿದ ಮೇಲೆ ಅದನ್ನು ಸಾಕುವುದು ಕಷ್ಟ. ನಾನು ಒಂದೇ ಒಂದು ಸುಳ್ಳನ್ನು ಮೂವತ್ತೊಂದು ವರ್ಷ ಸಾಕಿದ್ದೇನೆ. ಅಷ್ಟು ವರ್ಷ ಎಮ್ಮೆ ಸಾಕಿದ್ದರೆ ಮನೆಯಲ್ಲಿ ಹಾಲು ಮೊಸರಿಗಾದರೂ ಅನುಕೂಲವಾಗುತ್ತಿತ್ತು. ಸುಳ್ಳು ಹಾಗಲ್ಲ. ಹೊತ್ತುಹೊತ್ತಿಗೆ ಅದಕ್ಕೆ ಮೇವು ಹಾಕಬೇಕು, ಬಂದವರೆದುರು ಮೈ ತೊಳೆದು ನಿಲ್ಲಿಸಬೇಕು, ಇಷ್ಟಾದರೂ ಯಾವಾಗ ನಮ್ಮನ್ನೇ ಹಾಯುತ್ತದೋ ಎಂಬ ಹೆದರಿಕೆ ತಪ್ಪುವುದಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡು, ನಾಲ್ಕು ಜನರಿಂದ ಸಾವಕಾರ್ರು ಎನಿಸಿಕೊಂಡು ಐವತ್ತೆಂಟಕ್ಕೆ ಬಂದಿರುವ ನಾನು ಉಳಿದ ವಿಷಯಗಳಲ್ಲಿ ಸತ್ಯವಂತನೇ. ಮೊಳಕೆ ಒಡೆಯದ ಬೀಜವನ್ನು ಒಡೆಯುತ್ತದೆ ಎಂದು ಹೇಳಿ ಯಾರಿಗೂ ಕೊಟ್ಟವನಲ್ಲ. ಈಜಿನ ವಿಷಯದಲ್ಲಿ ಮಾತ್ರ ಒಂದು ಸಲ ನಾಲಿಗೆ ಜಾರಿತು. ಅದು ಜಾರಿದ್ದು ಮುನವಳ್ಳಿಯಲ್ಲಿ, ಮುಂದೆ ನನ್ನ ಮಾವನಾಗಲಿದ್ದವರ ಪಡಸಾಲೆಯಲ್ಲಿ.

ಕನ್ಯೆ ನೋಡಲು ಹೋಗಿದ್ದೆವು. ಆ ಮನೆತನದಲ್ಲಿ ಒಂದು ಪದ್ಧತಿ. ಮಕ್ಕಳನ್ನು, ಗಂಡು ಹೆಣ್ಣು ಎನ್ನದೆ, ಆರು ವರ್ಷಕ್ಕೇ ಬೆನ್ನಿಗೆ ತೇಲುಕಟ್ಟಿಗೆಯ ಬೆಂಡು ಕಟ್ಟಿ ತೋಟದ ಭಾವಿಗೆ ನೂಕುತ್ತಾರೆ. ಹೊಸ ಅಳಿಯ ಮೊದಲ ಸಲ ಅಳೇತನಕ್ಕೆ ಬಂದಾಗ ಹೋಳಿಗೆ ಊಟಕ್ಕೆ ಕೂಡುವ ಮೊದಲು ಅದೇ ಭಾವಿಯಲ್ಲಿ ಮನೆಮಂದಿಯೊಡನೆ ಈಜಬೇಕು. ಇದೆಲ್ಲ ನನಗೆ ಗೊತ್ತಿರಲಿಲ್ಲ. ಮಾವನವರು ಅಂಗಡಿಯ ಬಗ್ಗೆ ಕೇಳಲಿಲ್ಲ, ಹೊಲದ ಬಗ್ಗೆ ಕೇಳಲಿಲ್ಲ. ಮೀಸೆ ತೀಡುತ್ತ, "ಉಳದದ್ದೆಲ್ಲಾ ಕೇಳಿ ತಿಳಕೊಂಡೇವಿ. ಈಜು ಬರ್ತದೇನು, ಅಷ್ಟ ಹೇಳ್ರಿ" ಎಂದರು. ಅದೇ ಹೊತ್ತಿಗೆ ಹುಡುಗಿ ಒಗ್ಗರಣೆ ಅವಲಕ್ಕಿಯ ತಾಟು ಹಿಡಿದು ಒಳಗಿನಿಂದ ಬಂದಳು. ನೋಡಿದೆ. ನೋಡಿದ ಮೇಲೆ ಬರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗಿರುತ್ತದೆ? "ಮಲಪ್ರಭಾ ದಾಟೇನ್ರಿ" ಎಂದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. "ಆಷಾಢದಾಗ, ಹೊಳಿ ತುಂಬಿ ಹರಿಯುವಾಗ" ಎಂದೂ ಸೇರಿಸಿದೆ.

ಮಲಪ್ರಭೆ ದಾಟಿದ್ದು ಪೂರ್ತಿ ಸುಳ್ಳೂ ಅಲ್ಲ. ಧಾರವಾಡದ ಕಾಲೇಜಿಗೆ ಹೋಗುವಾಗ ವಾರಕ್ಕೆರಡು ಸಲ ದಾಟುತ್ತಿದ್ದೆ. ಬಸ್ಸಿನಲ್ಲಿ, ಸೇತುವೆಯ ಮೇಲೆ. ಕಿಟಕಿಯ ಪಕ್ಕ ಸೀಟು ಸಿಕ್ಕರೂ ಆಷಾಢದಲ್ಲಿ ಕೆಳಗೆ ನೋಡುತ್ತಿರಲಿಲ್ಲ, ಅಷ್ಟೆ. ನಾನು ಹುಟ್ಟಿ ಬೆಳೆದ ಬೈಲಹೊಂಗಲದ ಪೇಟೆಯಲ್ಲಿ ಹೊಳೆ ಇಲ್ಲ, ನಮ್ಮ ಮನೆಗೆ ತೋಟದ ಭಾವಿಯೂ ಇರಲಿಲ್ಲ. ಅಲ್ಲಿಯವರೆಗೆ ನಾನು ಕೈ ಹಾಕಿದ ಅತಿ ಆಳದ ನೀರು ಹಿತ್ತಲಿನ ತೊಟ್ಟಿಯದು.

ಲಗ್ನವಾಯಿತು. ಅಳೇತನಕ್ಕೆ ಹೋಗುವ ಹಿಂದಿನ ದಿನ ಪದ್ಧತಿಯ ವಿಷಯ ತಿಳಿಯಿತು. ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಹೋದೆ. ಕಿವಿ ಸೋರುತ್ತದೆ, ನೀರಿಗೆ ಇಳಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದೆ. ಮರುವರ್ಷವೂ ಹತ್ತಿ. ಅದರ ಮರುವರ್ಷವೂ. ಮುನವಳ್ಳಿಯಲ್ಲಿ ನನ್ನೊಡನೆ ಎಲ್ಲರೂ ಗಟ್ಟಿಯಾಗಿ ಮಾತಾಡುವ ರೂಢಿ ಬಿತ್ತು, ಅದು ಇಂದಿಗೂ ಹೋಗಿಲ್ಲ. ಕೊನೆಗೆ ಮಾವನವರು ತೀರಿಕೊಂಡ ಮೇಲೆ ನನ್ನ ಭಾವಮೈದ ಭಾವಿಯ ಮೇಲೆ ಕಬ್ಬಿಣದ ಜಾಳಿಗೆ ಹಾಕಿಸಿದ. ಆ ದಿನ ನನಗೆ ಪೇಢೆ ಹಂಚಬೇಕೆನಿಸಿತ್ತು.

ಆದರೆ ಮುನವಳ್ಳಿಯಲ್ಲಿ ಹುಟ್ಟಿದ ಮಾತು ಅಷ್ಟರಲ್ಲಿ ನಮ್ಮ ಅಂಗಡಿಗೆ ಬಂದು ನೆಲೆಸಿತ್ತು. ಗಿರಾಕಿಗಳು ಬಿತ್ತನೆಗೆ ಹದ ನೋಡುತ್ತ ಬೆಂಚಿನ ಮೇಲೆ ಕೂತಾಗ, "ನೀವು ಹೊಳಿ ದಾಟಿದ್ದು ಹೆಂಗ್ರಿ ಸಾವಕಾರ್ರ?" ಎಂದು ಕೇಳುತ್ತಿದ್ದರು. ಕೇಳಿದವರಿಗೆ ಬರಿದೇ ದಾಟಿದೆ ಎಂದರೆ ಸಮಾಧಾನವಾಗುತ್ತದೆಯೇ? ಒಂದು ವರ್ಷ ತೇಲಿ ಬರುವ ಮರದ ದಿಮ್ಮಿ ಸೇರಿತು. ಇನ್ನೊಂದು ವರ್ಷ ಕೊಚ್ಚಿಹೋಗುತ್ತಿದ್ದ ಕರುವೊಂದನ್ನು ಉಳಿಸಿದೆ. ಮುಂದೆ ಆ ಕರು ಬೆಳೆದು ಆಕಳಾಯಿತು. ಇದರಲ್ಲಿ ನನ್ನ ಕೈವಾಡ ಪೂರ್ತಿ ಇಲ್ಲ, ಹೇಳುವವರೂ ಸೇರಿಸುತ್ತಿದ್ದರು. ನೇಸರಗಿಯ ಬಾಳಪ್ಪಜ್ಜ ಎಂಬ ಹಿರಿಯರಂತೂ, ಆ ದಿನ ತಾವು ದಂಡೆಯ ಮೇಲೆ ನಿಂತಿದ್ದಾಗಿ, ನಾನು ನೀರಿನಿಂದ ಎದ್ದು ಬಂದಾಗ ತಮ್ಮ ರುಮಾಲಿನಿಂದಲೇ ನನ್ನ ಮೈ ಒರೆಸಿದ್ದಾಗಿ ಹೇಳತೊಡಗಿದರು. ಮೊದಲ ಸಲ ಕೇಳಿದಾಗ ನನಗೇ ಒಂದು ಕ್ಷಣ, ಇರಬಹುದೇ ಎನಿಸಿತು.

ಹೀಗೆ ಎಲ್ಲವೂ ಸುರಳೀತ ನಡೆದಿತ್ತು. ಹೋದ ವರ್ಷ ಬೀಜದ ಕಂಪನಿಯೊಂದು, ಚೆನ್ನಾಗಿ ಮಾಲು ಖಾಲಿ ಮಾಡಿದ ಡೀಲರರನ್ನು ಜೋಡಿಯಾಗಿ ವಿದೇಶ ಪ್ರವಾಸಕ್ಕೆ ಕರೆದೊಯ್ಯುವುದಾಗಿ ಹೇಳಿತು. ಇಂಥ ಪ್ರವಾಸ ಸಾಮಾನ್ಯವಾಗಿ ಬ್ಯಾಂಕಾಕಿಗೋ ದುಬೈಗೋ ಇರುತ್ತದೆ. ಈ ಸಲ ಗ್ರೀಸ್ ದೇಶದ ಒಂದು ನಡುಗಡ್ಡೆ. ಅದರ ಹೆಸರು ಇಂದಿಗೂ ನನ್ನ ನಾಲಿಗೆಗೆ ಹತ್ತಿಲ್ಲ. ಹಿಂಗಾರಿ ಬಿತ್ತನೆಯ ಗದ್ದಲ ಮುಗಿದು ಅಂಗಡಿ ತಣ್ಣಗಾದ ಹೊತ್ತು, ಅಕ್ಟೋಬರ್ ಕೊನೆ. ಅಲ್ಲಿಯೂ ಜನ ಬಂದು ಹೋಗುವ ಕಾಲ ಮುಗಿದಿರುತ್ತದೆ, ರಿಸಾರ್ಟು ಬಾಗಿಲು ಹಾಕುವ ಮುಂಚಿನ ಕಡೆಯ ವಾರ ನಮಗೆ ಸಿಕ್ಕಿದೆ ಎಂದು ಪುಣೆಯಿಂದ ಬಂದ ಟೂರ್ ಮ್ಯಾನೇಜರ್ ಹೇಳಿದ. ನಮ್ಮ ಕಡೆಯಿಂದ ನಾನು, ನನ್ನ ಹೆಂಡತಿ ನೀಲಾ, ಮತ್ತು ಸವದತ್ತಿಯ ಡೀಲರು ಗುರುಶಿದ್ದಪ್ಪ. ಉಳಿದವರು ಬೇರೆ ಬೇರೆ ಜಿಲ್ಲೆಯವರು. ಗುರುಶಿದ್ದಪ್ಪನ ಹೆಂಡತಿಗೆ ವಿಮಾನದ ಹೆದರಿಕೆ, ಹೀಗಾಗಿ ಆತ ಒಬ್ಬನೇ ಬಂದಿದ್ದ. ಬಂದವನು ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದ.

ರಿಸಾರ್ಟು ಚೆಂದವಿತ್ತು. ಬಿಳಿ ಗೋಡೆ, ನೀಲಿ ಬಾಗಿಲು, ಮೂರು ಹೆಜ್ಜೆ ಇಳಿದರೆ ಸಮುದ್ರ. ಗೋಕರ್ಣದಲ್ಲಿ ದೂರದಿಂದ ಕೈಮುಗಿದು ಬಂದ ಸಮುದ್ರದಂತೆ ಇದು ಅಬ್ಬರಿಸುತ್ತಿರಲಿಲ್ಲ, ಹೊಸದಾಗಿ ಸಾರಿಸಿದ ಅಂಗಳದ ಹಾಗೆ ಸುಮ್ಮನೆ ಹಾಸಿಕೊಂಡಿತ್ತು. ಈಜುಕೊಳದ ನೀರನ್ನು ನಾವು ಬರುವ ಹಿಂದಿನ ದಿನವೇ ಬಿಟ್ಟು ಖಾಲಿ ಮಾಡಿದ್ದರು. ಅದನ್ನು ಕಂಡು ನನಗೆ ಪ್ರಯಾಣದ ದಣಿವೆಲ್ಲ ಇಳಿಯಿತು. ನಮ್ಮನ್ನು ಬಿಟ್ಟರೆ ಅಲ್ಲಿ ನಾಲ್ಕಾರು ಮುದಿ ಜರ್ಮನರು. ಕೆಲಸದವರಲ್ಲಿ ಮುಕ್ಕಾಲು ಮಂದಿ ಊರಿಗೆ ಹೋಗಿಯಾಗಿತ್ತು. ಉಳಿದವನು ಯಾನಿ ಎಂಬ ಮುದುಕ. ಮುದುಕ ಎನ್ನಬಾರದು, ನನಗಿಂತ ಎರಡು ವರ್ಷಕ್ಕೆ ದೊಡ್ಡವನಿರಬೇಕು. ಬಾಗಿಲು ತೆಗೆಯುವವನೂ ಅವನೇ, ಗಿಡಕ್ಕೆ ನೀರು ಹಾಕುವವನೂ ಅವನೇ, ಊಟ ಬಡಿಸುವವನೂ ಅವನೇ. ಬಿಡುವಾದಾಗ ದಂಡೆಯ ಮೇಲಿನ ಮರದ ಮಂಚಗಳನ್ನು ಎರಡೆರಡಾಗಿ ಹೊತ್ತು ಗೋದಾಮಿಗೆ ಒಯ್ಯುತ್ತಿದ್ದ. ದಂಡೆಯಿಂದ ಸ್ವಲ್ಪ ದೂರ ನೀರಿನ ಮೇಲೆ ಸಾಲಾಗಿ ಹಳದಿ ಚೆಂಡುಗಳು ತೇಲುತ್ತಿದ್ದವು, ಒಂದೊಂದೂ ನಮ್ಮ ನೀರಿನ ಕೊಡದಷ್ಟು ದೊಡ್ಡವು. ಈಜುವವರು ಅದರಾಚೆ ಹೋಗಬಾರದೆಂದು ಗುರುತು.

ಮೊದಲ ದಿನ ಸಂಜೆ ಊಟಕ್ಕೆ ಕೂತಾಗ ಗುರುಶಿದ್ದಪ್ಪ ಆಲಿವ್ ಕಾಯಿಯೊಂದನ್ನು ಬಾರಿಹಣ್ಣೆಂದು ಬಾಯಿಗೆ ಹಾಕಿಕೊಂಡು, ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡಿ, ಚೇತರಿಸಿಕೊಂಡು, ಕಿಟಕಿಯಿಂದ ಆ ಚೆಂಡುಗಳನ್ನು ನೋಡಿದ. ಆ ಮೇಲೆ ನನ್ನನ್ನು ನೋಡಿದ. "ಎಲ್ಲಾರೂ ಕೇಳ್ರಿ" ಎಂದು ಹಿಂದಿ, ಕನ್ನಡ ಎರಡೂ ಬೆರೆಸಿ ಶುರು ಮಾಡಿಯೇಬಿಟ್ಟ. "ನಮ್ಮ ಮಲ್ಲಣ್ಣಾರು ಅಂದ್ರ ಸಾಮಾನ್ಯ ಅಲ್ಲ. ತುಂಬಿದ ಮಲಪ್ರಭಾ ದಾಟಿದವರು. ಇದೇನು, ನಿಂತ ನೀರು. ಹೋಗೂ ದಿನ ಮುಂಜಾನೆ ಆ ಹಳದಿ ಚೆಂಡು ಮುಟ್ಟಿ ಬರತಾರ, ನಾ ವಿಡಿಯೋ ಮಾಡತೇನಿ. ಡೀಲರ್ ಗ್ರೂಪಿನ್ಯಾಗ ಹಾಕೂಣ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಿವಿ ಎನ್ನಬೇಕೆಂದು ಬಾಯಿ ತೆರೆದೆ. ಬಂದ ಮಾತು, "ಅದೇನ್ ದೊಡ್ಡದು ಬಿಡ್ರಿ."

ನೀಲಾ ಎದುರಿಗೆ ಕೂತು ಊರಿನಿಂದ ತಂದ ಕಡಕ್ ರೊಟ್ಟಿ ಮುರಿಯುತ್ತಿದ್ದಳು. ನನ್ನನ್ನು ಒಂದು ಸಲ ನೋಡಿ, ಮತ್ತೆ ರೊಟ್ಟಿ ಮುರಿದಳು.

ಮರುದಿನ ಬೆಳಗು ಹರಿಯುವ ಹೊತ್ತಿಗೆ ಎಬ್ಬಿಸಿದಳು. ಪ್ರವಾಸಕ್ಕೆಂದು ಹೊಸದಾಗಿ ಹೊಲಿಸಿದ ಚೂಡಿದಾರ ಹಾಕಿಕೊಂಡು, ಓಢಣಿಯನ್ನು ನಡಕ್ಕೆ ಬಿಗಿದು ನಿಂತಿದ್ದಳು. ಕೈಯಲ್ಲಿ ಬಟ್ಟೆ ಒಣಹಾಕಲು ಊರಿನಿಂದ ತಂದ ನೈಲಾನ್ ಹಗ್ಗ.

"ಏಳ್ರಿ. ಐದ ದಿನ ಅದಾವು."

"ಯಾತಕ್ಕ?"

"ಈಜು ಕಲೀಲಿಕ್ಕೆ."

ನನಗೆ ಬರುತ್ತದಲ್ಲ ಎನ್ನುವ ಮುಖ ಮಾಡಲು ಹೊರಟೆ. ಅರ್ಧಕ್ಕೆ ಅವಳೇ ತಡೆದಳು. "ಸುಮ್ನಿರ್ರಿ. ನಿಮಗ ಬರೂದಿಲ್ಲ ಅನ್ನೂದು ಲಗ್ನ ಆಗಿ ನಾಕನೇ ದಿನಕ್ಕ ನನಗ ಗೊತ್ತಾಗೇತಿ. ಜಳಕಾ ಮಾಡುವಾಗ ತಲೀ ಮ್ಯಾಲೆ ತಂಬಿಗಿ ನೀರು ಹಾಕ್ಕೊಳ್ಳಾಕ ಮೂಗು ಹಿಡಕೊಂಡು ಹುಂ ಅಂತೀರಿ. ಅಡಿಗಿಮನಿತನಕ ಕೇಳ್ತೈತಿ. ತಂಬಿಗಿ ನೀರಿಗೆ ಹೆದರವರು ಹೊಳಿ ಹೆಂಗ ದಾಟ್ಯಾರು?"

ಮೂವತ್ತೊಂದು ವರ್ಷ. ಕಿವಿಗೆ ತುಂಬಿದ ಹತ್ತಿಯನ್ನೆಲ್ಲ ಕೂಡಿಸಿದರೆ ಒಂದು ಗಾದಿ ಆಗುತ್ತಿತ್ತು. ಇಷ್ಟು ವರ್ಷ ನಾನು ಯಾರಿಂದ ಮುಚ್ಚಿಟ್ಟೆನೋ ಅವಳಿಗೆ ನಾಲ್ಕನೆಯ ದಿನವೇ ಗೊತ್ತಿತ್ತು. "ಮತ್ತ ಯಾಕ ಹೇಳಲಿಲ್ಲ?" ಎಂದೆ.

"ಹೆಂಗ ಹೇಳಲಿ? ಭಾಳ ಚಂದ ಹೇಳ್ತಿದ್ರಿ. ಆ ಕರು ಉಳಿಸಿದ್ದು ಕೇಳಿದಾಗಂತೂ ನನಗ ಕಣ್ಣಾಗ ನೀರು ಬಂದಿದ್ವು."

ದಂಡೆಗೆ ಹೋದೆವು. ಯಾರೂ ಇರಲಿಲ್ಲ. ನೀಲಾ ಚಪ್ಪಲಿ ಬಿಟ್ಟು, ಬಳೆ ಮೇಲಕ್ಕೇರಿಸಿಕೊಂಡು, ಅಡಿಗೆಮನೆಗೆ ಹೋಗುವಷ್ಟೇ ಸಲೀಸಾಗಿ ನೀರಿಗೆ ಇಳಿದಳು. ಮೊಳಕಾಲು, ನಡ, ಎದೆ. ಆ ಮೇಲೆ ಒಮ್ಮೆಲೇ ಮುಂದಕ್ಕೆ ಬಿದ್ದಳು. ನಾನು ಹೆದರಿ ಕೂಗುವಷ್ಟರಲ್ಲಿ ಅವಳ ತಲೆ ಅಷ್ಟು ದೂರದಲ್ಲಿತ್ತು. ಸದ್ದಿಲ್ಲ, ಸಿಡಿತವಿಲ್ಲ. ನರೆತ ಜಡೆಯೊಂದು ಬೆನ್ನ ಹಿಂದೆ ತೇಲುತ್ತ ಹೋಯಿತು. ಹಳದಿ ಚೆಂಡನ್ನು ಮುಟ್ಟಿದಳು, ಅದನ್ನು ತಬ್ಬಿಕೊಂಡು ಸ್ವಲ್ಪ ಹೊತ್ತು ಹಾಗೇ ತೇಲಿದಳು. ತಿರುಗಿ ಬಂದಾಗ ಅವಳ ಮುಖ ನೋಡಿದೆ. ಅವಲಕ್ಕಿಯ ತಾಟು ಹಿಡಿದು ಬಂದ ಹುಡುಗಿಯ ಮುಖ. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

"ಇಷ್ಟ ಚಂದ ಈಜತೀದಿ, ತವರಿಗೆ ಹೋದಾಗ ಒಮ್ಮೆರೆ ಇಳದಿಲ್ಲಲ?" ಎಂದೆ.

ಅವಳು ಜಡೆ ಹಿಂಡುತ್ತ, "ನಾ ಇಳದಿದ್ರ ಅಪ್ಪ ನಿಮ್ಮನ್ನ ಬಿಡ್ತಿದ್ನೇನು? ಹೆಂಡ್ತಿ ಇಳದಾಳ, ನೀವೂ ಬರ್ರಿ ಅಂತಿದ್ದ. ಅದಕ್ಕ ನಂಗೂ ಕಿವಿ ನೋವು ಅಂದೆ" ಎಂದಳು. ಮಳೆ ಬರುವ ಹಾಗಿದೆ, ಬಟ್ಟೆ ತೆಗೆದೆ ಎನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದಳು.

ನಾನು ಮರಳಿನ ಮೇಲೆ ಕೂತೆ. ನಾಚಿಕೆ ಎನ್ನುವುದು ಏನೆಂದು ನನಗೆ ಆ ಬೆಳಿಗ್ಗೆ ತಿಳಿಯಿತು. ನನ್ನ ಸುಳ್ಳಿಗೆ ನಾನೊಬ್ಬನೇ ಮೇವು ಹಾಕುತ್ತಿದ್ದೇನೆ ಎಂದು ತಿಳಿದಿದ್ದೆ. ಅದು ಇನ್ನೊಬ್ಬರ ಭಾವಿಯ ನೀರನ್ನೂ ಕುಡಿದುಬಿಟ್ಟಿತ್ತು. ಹಗ್ಗ ಕೊಡು ಎಂದೆ.

ಹಗ್ಗವಿತ್ತು, ಬೆಂಡಿರಲಿಲ್ಲ. ಈಗ ನಮ್ಮ ಕಡೆ ಹುಡುಗರು ಭಾವಿಯಲ್ಲಿ ಈಜು ಕಲಿಯುವುದೂ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡೇ. ರಿಸಾರ್ಟಿನ ಅಡಿಗೆಮನೆಯ ಹಿಂದೆ ಎಣ್ಣೆಯ ಖಾಲಿ ಕ್ಯಾನುಗಳ ರಾಶಿ ಬಿದ್ದಿದ್ದನ್ನು ನೀಲಾ ಬಂದ ದಿನವೇ ಗುರುತಿಸಿದ್ದಳು. ಯಾನಿಯ ಹತ್ತಿರ ಹೋಗಿ ಎರಡು ಬೆರಳು ತೋರಿಸಿ, ಕ್ಯಾನು ತೋರಿಸಿ, ನನ್ನ ಬೆನ್ನು ತೋರಿಸಿದಳು. ಅವನು ಕ್ಯಾನು ನೋಡಿದ, ನನ್ನನ್ನು ನೋಡಿದ, ಅರ್ಥವಾಗದಿದ್ದರೂ ಕೊಟ್ಟ. ಬರಿಗೈಯಲ್ಲಿ ತೆಗೆದುಕೊಳ್ಳುವುದು ನಮ್ಮ ಮನೆಯ ರೀತಿಯಲ್ಲ ಎಂದು ನೀಲಾ ನಾಲ್ಕು ಕಡಕ್ ರೊಟ್ಟಿ, ಒಂದು ಹಿಡಿ ಶೇಂಗಾ ಚಟ್ನಿ ಕೊಟ್ಟಳು. ಅವನು ಅದರ ಮೇಲೆ ತಮ್ಮ ಕಡೆಯ ಆಲಿವ್ ಎಣ್ಣೆ ಸುರಿದುಕೊಂಡು, ಗೋಡೆಗೆ ಒರಗಿ ಕರಕರ ತಿನ್ನುತ್ತ, ನನ್ನ ಬೆನ್ನಿಗೆ ಕ್ಯಾನು ಕಟ್ಟುವುದನ್ನು ನೋಡಿದ. ಪಟ್ಟಾಪಟ್ಟಿ ಚಡ್ಡಿ, ಬನಿಯನ್ನು, ಬೆನ್ನಿಗೆರಡು ಎಣ್ಣೆ ಕ್ಯಾನು. ಗುರುಶಿದ್ದಪ್ಪ ತಡವಾಗಿ ಏಳುವವನು ಎಂಬುದೊಂದೇ ನನ್ನ ಪುಣ್ಯ.

ಮೊದಲ ದಿನ ಸೊಂಟದಷ್ಟು ನೀರಿನಲ್ಲಿ ನಿಂತು ಮುಖ ಮುಳುಗಿಸುವುದಕ್ಕೇ ಒಂದು ತಾಸು ಹಿಡಿಯಿತು. ಮೂಗು ಹಿಡಿಯಲು ಕೈ ಎತ್ತಿದರೆ ಸಾಕು, ನೀಲಾ ಕೈಗೆ ಹೊಡೆಯುತ್ತಿದ್ದಳು. ಎರಡನೆಯ ದಿನ ಮಲಗಿಸಿದಳು. "ಆಕಾಶ ನೋಡ್ರಿ, ಅಂಗಡಿ ಬಗ್ಗೆ ಯೋಚನಿ ಮಾಡಬ್ಯಾಡ್ರಿ. ಈ ನೀರು ಭಾವಿ ನೀರಿನಂಗಲ್ಲ, ಉಪ್ಪೈತಿ. ತಾನ ಎತ್ತತೈತಿ" ಎಂದಳು. ನಾನು ವಾದ ಮಾಡುವವನು. ಕಾಲು ಯಾಕೆ ಬಡಿಯಬೇಕು, ಕೈ ಮೊದಲೋ ಕಾಲು ಮೊದಲೋ, ಕ್ಯಾನಿನ ಹಗ್ಗ ಎಡಕ್ಕೆ ಸಡಿಲಾಗಿದೆ, ಹೀಗೆ. ವಾದ ಜೋರಾದಾಗ ಅವಳು ನನ್ನ ಬೆನ್ನಿನ ಕೆಳಗಿನ ಕೈ ತೆಗೆದುಬಿಡುತ್ತಿದ್ದಳು. ಸಂಸಾರದಲ್ಲಿ ಇಷ್ಟು ಪರಿಣಾಮಕಾರಿ ಉತ್ತರವನ್ನು ಅವಳು ಹಿಂದೆಂದೂ ಕೊಟ್ಟಿರಲಿಲ್ಲ.

ಯಾನಿ ದಿನದಿನಕ್ಕೆ ಮಂಚಗಳನ್ನು ಒಯ್ಯುತ್ತಲೇ ಇದ್ದ. ನಾನು ಕೈ ಬಡಿಯುವುದು ಕಲಿತಾಗ ದಂಡೆಯ ಒಂದು ಬದಿ ಖಾಲಿಯಾಗಿತ್ತು. ಮೂರನೆಯ ದಿನ ಎರಡು ಕ್ಯಾನಿನ ಮೇಲೆ ಹತ್ತು ಮಾರು ಈಜಿದೆ, ಆ ಹೊತ್ತಿಗೆ ಛತ್ರಿಗಳೂ ಹೋದವು. ನಾಲ್ಕನೆಯ ದಿನ ನೀಲಾ ಒಂದು ಕ್ಯಾನು ಬಿಚ್ಚಿದಳು. ನಾನು ಜೋಡಿಯಲ್ಲಿ ಒಂದು ಎತ್ತು ಸತ್ತ ಬಂಡಿಯ ಹಾಗೆ ಒಂದೇ ಬದಿಗೆ ಎಳೆಯುತ್ತ ವೃತ್ತ ಹೊಡೆದೆ. ಸಂಜೆ ಅವಳೊಂದು ಸುದ್ದಿ ತಂದಳು. ಹಳದಿ ಚೆಂಡುಗಳನ್ನೂ ಯಾನಿ ತೆಗೆಯಲು ಶುರು ಮಾಡಿದ್ದಾನೆ. ಚಳಿಗಾಲದ ಗಾಳಿಗೆ ಅವು ಉಳಿಯುವುದಿಲ್ಲವಂತೆ. ನನಗೆ ಥಟ್ಟನೆ ಮೊದಲಿನ ಬುದ್ಧಿ ಬಂತು. ಚೆಂಡೇ ಇಲ್ಲದಿದ್ದರೆ ಮುಟ್ಟುವುದೇನನ್ನು? ಗುರುಶಿದ್ದಪ್ಪನಿಗೆ, ಅಯ್ಯೋ ತಪ್ಪಿತಲ್ಲ ಎಂದು ಕೈಕೈ ಹಿಸುಕಿಕೊಂಡು ತೋರಿಸಿದರಾಯಿತು. ಜಾಳಿಗೆ ಹಾಕಿಸಿದ ಭಾವಮೈದನಂತೆ ಈ ಯಾನಿಯೂ ನನ್ನ ಪಾಲಿಗೆ ಒದಗಿ ಬಂದಿದ್ದ. ನೀಲಾ ನನ್ನ ಮುಖ ನೋಡಿಯೇ ಹೇಳಿದಳು, "ಒಂದ ಚೆಂಡು ಬಿಡು ಅಂತ ಹೇಳಿ ಬಂದೇನಿ. ನಾಕು ರೊಟ್ಟಿ ಹೆಚ್ಚಿಗಿ ಕೊಟ್ಟೇನಿ."

ಐದನೆಯ ದಿನ ಕ್ಯಾನು ಇಲ್ಲದೆ ಐದು ಮಾರು ಹೋದೆ, ಮುಳುಗಿದೆ, ಮತ್ತೆ ಹೋದೆ. ಹಗ್ಗದ ಗುರುತು ಎದೆಯ ಮೇಲೆ ಜನಿವಾರದ ಹಾಗೆ ಮೂಡಿತ್ತು, ನಮ್ಮ ಮನೆತನದಲ್ಲಿ ಇದುವರೆಗೆ ಯಾರ ಮೇಲೂ ಮೂಡದ ಗುರುತು.

ಹೊರಡುವ ದಿನ ಬೆಳಿಗ್ಗೆ ಬಸ್ಸು ಬರುವ ಮೊದಲು ಎಲ್ಲರೂ ದಂಡೆಗೆ ಬಂದರು. ಕೂಡಲು ಒಂದು ಮಂಚವೂ ಉಳಿದಿರಲಿಲ್ಲ, ನಿಂತೇ ಇದ್ದರು. ಸಣ್ಣ ಗಾಳಿ ಎದ್ದಿತ್ತು. ನೀರಿನ ಮೇಲೆ ಒಂದೇ ಒಂದು ಹಳದಿ ಚೆಂಡು, ಅದರ ಪಕ್ಕ ಯಾನಿ ತನ್ನ ಸಣ್ಣ ದೋಣಿಯಲ್ಲಿ ಕೂತು ಕಾಯುತ್ತಿದ್ದ. ಗುರುಶಿದ್ದಪ್ಪ ಫೋನು ಅಡ್ಡ ಹಿಡಿದು, "ಶುರು ಮಾಡ್ರಿ ಮಲ್ಲಣ್ಣಾರ. ಮಲಪ್ರಭಾದಾಗ ಹೆಂಗ ಜಿಗದ್ರಿ ಹಂಗ ಜಿಗೀರಿ" ಎಂದ. ಹಗುರಾಗಿ ನಗುತ್ತ ನೀರಿಗೆ ಇಳಿದೆ. ಹಿಂದಿನಿಂದ ನೀಲಾ ಓಢಣಿ ಬಿಗಿಯುತ್ತ, "ನಾನೂ ಬರತೇನಿ ತಡೀರಿ" ಎಂದಳು.

ದಂಡೆಯಿಂದ ಆ ಚೆಂಡಿಗೆ, ನಮ್ಮ ಅಂಗಡಿಯಿಂದ ಎದುರಿನ ಖಾನಾವಳಿಗೆ ಎಷ್ಟೋ ಅದಕ್ಕಿಂತ ತುಸು ಹೆಚ್ಚಿರಬೇಕು. ನೀರಿನಿಂದ ನೋಡಿದರೆ ಬೈಲಹೊಂಗಲದಿಂದ ಕಿತ್ತೂರಿನಷ್ಟು ಕಂಡಿತು. ಕೈ ಹಾಕಿದೆ. ಕಾಲು ಬಡಿದೆ. ನೆಲ ಹೋಯಿತು. ಕಾಲ ಕೆಳಗೆ ಏನೂ ಇಲ್ಲ ಎಂಬುದು ತಿಳಿದ ಕೂಡಲೇ ಹಳೆಯ ಹೆದರಿಕೆ ಗಂಟಲಿಗೆ ಬಂತು, ಒಂದು ಬೊಗಸೆ ಉಪ್ಪು ನೀರೂ ಬಂತು. ಆ ಗಳಿಗೆಯಲ್ಲಿ ನೆನಪಾದದ್ದು ದೇವರಲ್ಲ, ಬಾಳಪ್ಪಜ್ಜನ ರುಮಾಲು. ಎಷ್ಟು ವರ್ಷಗಳಿಂದ ಆ ಹಿರಿಯರು ನನ್ನ ಒದ್ದೆಯಾಗದ ಮೈಯನ್ನು ಒರೆಸುತ್ತ ಬಂದಿದ್ದಾರೆ, ಒಂದು ಸಲವಾದರೂ ಅದು ಒದ್ದೆಯಾಗಬೇಡವೇ? ಪಕ್ಕದಲ್ಲಿ ನೀಲಾಳ ದನಿ, "ಆಕಾಶ, ಆಕಾಶ." ಅಂಗಾತವಾದೆ. ನೀರು ಎತ್ತಿತು. ನಿಜವಾಗಿಯೂ ಎತ್ತಿ ಹಿಡಿಯಿತು. ಉಸಿರು ಬಂತು, ಮಗುಚಿಕೊಂಡೆ, ಮತ್ತೆ ಕೈ ಹಾಕಿದೆ. ಎಷ್ಟು ಕೈ ಹಾಕಿದೆನೋ ಲೆಕ್ಕವಿಲ್ಲ. ಒಂದು ಕೈ ನೀರಿಗೆ ಬದಲು ನುಣುಪಾದ, ತಣ್ಣನೆಯ, ಪಾಚಿ ಹಿಡಿದ ಯಾವುದಕ್ಕೋ ತಾಗಿತು.

ಹಳದಿ ಚೆಂಡು. ನಾನು ಮುಟ್ಟಿದ್ದೆ. ಐವತ್ತೆಂಟು ವರ್ಷದ ಗೊಬ್ಬರದ ವ್ಯಾಪಾರಿ, ತೊಟ್ಟಿಯ ನೀರಿಗೆ ಹೆದರುತ್ತಿದ್ದವನು, ಗ್ರೀಸಿನ ಸಮುದ್ರದ ನಡುವೆ ಚೆಂಡನ್ನು ತಬ್ಬಿಕೊಂಡು ತೇಲುತ್ತಿದ್ದೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಅತ್ತುಬಿಟ್ಟೆ. ಲಗ್ನದ ದಿನವೂ, ಅಂಗಡಿಯ ಹೊಸ ಕಟ್ಟಡದ ದಿನವೂ ಇಷ್ಟು ಗೆದ್ದ ಹಾಗೆ ಅನಿಸಿರಲಿಲ್ಲ. ಯಾನಿ ದೋಣಿಯಲ್ಲಿ ಎದ್ದು ನಿಂತು ಟೋಪಿ ತೆಗೆದ. ನೀಲಾಳನ್ನು ಬಿಟ್ಟರೆ ಅವನೊಬ್ಬನಿಗೆ ಗೊತ್ತಿತ್ತು, ಎರಡು ಕ್ಯಾನಿನಿಂದ ಇಲ್ಲಿಯವರೆಗೆ ನಾನು ಎಷ್ಟು ದೂರ ಬಂದಿದ್ದೇನೆಂದು. "ನೀಲಾ, ದಾಟಿದೆ" ಎಂದು ಕೂಗಿದೆ.

"ಇನ್ನ ತಿರುಗಿ ಹೋಗೂದೈತಿ, ಬರ್ರಿ" ಎಂದಳು. ಅವಳು ನಗುತ್ತಿದ್ದಳು.

ತಿರುಗಿ ಬಂದೆ. ಅರ್ಧ ಈಜಿ, ಅರ್ಧ ತೇಲಿ, ಕೊನೆಗೆ ನಾಲ್ಕು ಮಾರು ನಡೆದು. ಹಿಂದೆ ಯಾನಿ ಆ ಕೊನೆಯ ಚೆಂಡನ್ನು ದೋಣಿಗೆ ಎಳೆದುಕೊಂಡ, ಅಲ್ಲಿಗೆ ಆ ವರ್ಷದ ಸಮುದ್ರದ ಬಾಗಿಲು ಹಾಕಿದಂತಾಯಿತು. ವಿಮಾನದಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಕೆಳಗೆ ನೋಡುತ್ತ ಬಂದೆ.

ಇಲ್ಲಿಗೇ ಮುಗಿದಿದ್ದರೆ ನನ್ನ ಜೀವನ ಚರಿತ್ರೆಯಲ್ಲಿ ಇದೊಂದು ದೊಡ್ಡ ಅಧ್ಯಾಯವಾಗುತ್ತಿತ್ತು. ಮುಂಬಯಿಯಲ್ಲಿ ಇಳಿದು ಫೋನು ತೆರೆದೆ. ಡೀಲರ್ ಗ್ರೂಪಿನಲ್ಲಿ ವಿಡಿಯೋ ಬಂದಿತ್ತು. ಅದರಲ್ಲಿ ಮುಂದೆ ನೀಲಾ ಮೀನಿನ ಹಾಗೆ ಹೋಗುತ್ತಿದ್ದಾಳೆ, ಹಿಂದೆ ಏನೋ ಒಂದು ದೊಡ್ಡದು ನೀರು ಚಿಮ್ಮಿಸುತ್ತ ಬರುತ್ತಿದೆ. ಕೆಳಗೆ ಸಾಲುಸಾಲು ಮೆಸೇಜು. ರಾಮದುರ್ಗದ ಡೀಲರು ಬರೆದಿದ್ದ: "ಅಕ್ಕಾರು ಭಾರಿ ಈಜತಾರ. ಮಲ್ಲಣ್ಣಾರಿಗೆ ವಯಸ್ಸಾತು ನೋಡ್ರಿ." ಇನ್ನೊಬ್ಬರು: "ತುಂಬಿದ ಹೊಳಿ ದಾಟಿದ ಮನುಷ್ಯಾ, ಇವತ್ತ ಇಷ್ಟಕ್ಕ ದಮ್ಮು ಹತ್ತೇತಿ. ದೇವರು ಯಾರನ್ನೂ ಬಿಡೂದಿಲ್ಲ." ಮೂರನೆಯವರು ಕೈಮುಗಿಯುವ ಚಿತ್ರ ಹಾಕಿ, ಆರೋಗ್ಯ ನೋ‍ಡಿಕೊಳ್ಳಿ ಎಂದಿದ್ದರು. ನನ್ನ ಜೀವನದ ಅತಿ ದೊಡ್ಡ ಗೆಲುವಿಗೆ ಜನ ಮರುಕ ಪಡುತ್ತಿದ್ದರು.

ಇದನ್ನು ಸಹಿಸಲಾಗಲಿಲ್ಲ. ನನಗೆ ಸಲ್ಲಬೇಕಾದ ಶಾಭಾಸ್‌ಗಿರಿ ಸಿಗಬೇಕಾದರೆ ಸತ್ಯ ಹೇಳಲೇಬೇಕಿತ್ತು. ಅಂಗಡಿ ತೆರೆದ ಮೊದಲ ದಿನ, ಬೆಂಚು ತುಂಬ ಜನ ಇದ್ದಾಗ, ಗಂಟಲು ಸರಿಮಾಡಿಕೊಂಡು ಎಲ್ಲ ಒಪ್ಪಿಕೊಂಡೆ. ಮಲಪ್ರಭೆ ದಾಟಿಲ್ಲ, ಕರು ಉಳಿಸಿಲ್ಲ, ಕಿವಿ ಸೋರಿಲ್ಲ, ಈಜು ಕಲಿತದ್ದು ಹೋದ ವಾರ, ಎಣ್ಣೆ ಕ್ಯಾನು ಕಟ್ಟಿಕೊಂಡು. ಹೇಳಿ ಮುಗಿಸಿ ಮೈ ಹಗುರಾಗಿ ಕೂತೆ. ಬಾಳಪ್ಪಜ್ಜ ಕೋಲು ಊರಿ ಮೇಲೆದ್ದರು. "ಅಲ್ರಿ ಸಾವಕಾರ್ರ, ಈ ಕಣ್ಣಿಲೆ ನೋಡೇನಿ. ಈ ರುಮಾಲಿಲೆ ಮೈ ಒರಸೇನಿ. ನೀವು ದಾಟಿಲ್ಲ ಅಂದ್ರ ನಾ ಸುಳ್ಳ ಹೇಳಿದಂಗಾತಲ್ರಿ?" ಎಂದರು. ಎಂಬತ್ತು ದಾಟಿದ ಹಿರಿಯರನ್ನು ನೋಯಿಸಿದೆನೆಂದು ಜನ ನನ್ನ ಕಡೆ ಸಿಟ್ಟಿನಿಂದ ನೋಡಿದರು. ಒಬ್ಬರು ಸಮಾಧಾನ ಹೇಳಿದರು, "ಇರಲಿ ಬಿಡ್ರಿ ಅಜ್ಜಾರ. ದೊಡ್ಡ ಮನುಷ್ಯಾರು ತಮ್ಮ ದೊಡ್ಡಸ್ತಿಕಿ ತಾವ ಹೇಳ್ಕೊಳ್ಳೂದಿಲ್ಲ." ಅಂದಿನಿಂದ ಮಲಪ್ರಭೆ ದಾಟಿದವನು ಎನ್ನುವುದರ ಜೊತೆಗೆ, ದಾಟಿದರೂ ದಾಟಿಲ್ಲ ಎನ್ನುವ ವಿನಯವಂತ ಎಂಬ ಹೆಸರೂ ನನಗೆ ಅಂಟಿಕೊಂಡಿದೆ. ಬಾಳಪ್ಪಜ್ಜನಿಗೆ ನಾನೇ ಚಹಾ ತರಿಸಿ ಕ್ಷಮೆ ಕೇಳಬೇಕಾಯಿತು.

ನೀಲಾ ಮಾತ್ರ ಯಾರ ಶಾಭಾಸ್‌ಗಿರಿಗೂ ಕಾಯಲಿಲ್ಲ. ದೀಪಾವಳಿಗೆ ಮುನವಳ್ಳಿಗೆ ಹೋದಾಗ ತಮ್ಮನಿಗೆ ಹೇಳಿ ಭಾವಿಯ ಜಾಳಿಗೆ ತೆಗೆಸಿದಳು. ಪಾವಟಿಗೆಯ ಮೆಟ್ಟಿಲು ಇಳಿದು, ಮೇಲೆ ನಿಂತ ನನಗೆ ಕೈ ಮಾಡಿದಳು. "ಭಾವಾರ, ಕಿವಿ ಹೆಂಗದಾವು?" ಎಂದು ಭಾವಮೈದ ಗಟ್ಟಿಯಾಗಿ ಕೂಗಿ ಕೇಳಿದ. ಆರಾಮದಾವು ಎಂದು ನಾನೂ ಗಟ್ಟಿಯಾಗಿಯೇ ಹೇಳಿ ಇಳಿದೆ. ಭಾವಿಯ ನೀರು ಸಮುದ್ರದಂತೆ ತಾನಾಗಿ ಎತ್ತುವುದಿಲ್ಲ, ಎರಡು ಸಲ ಬನಿಯನ್ನು ಹಿಡಿದು ನೀಲಾಳೇ ಎತ್ತಿದಳು. ಆದರೆ ಅಳೇತನದ ಈಜು ಈಜಿದೆ, ಮೂವತ್ತೊಂದು ವರ್ಷ ತಡವಾಗಿ. ಆ ದಿನ ತಿಂದದ್ದೇ ನನ್ನ ಮೊದಲ ಅಳೇತನದ ಹೋಳಿಗೆ ಎಂದು ನಾನು ತಿಳಿದಿದ್ದೇನೆ.

ಮರುದಿನ ಬೆಳಿಗ್ಗೆ ಬೈಲಹೊಂಗಲದ ನಮ್ಮ ಮನೆಯ ಬಚ್ಚಲಲ್ಲಿ ಜಳಕಕ್ಕೆ ಕೂತೆ. ಸಮುದ್ರವಾಯಿತು, ಭಾವಿಯಾಯಿತು. ಇನ್ನು ಯಾವ ನೀರಿಗೂ ಹೆದರುವ ಮನುಷ್ಯ ನಾನಲ್ಲ ಎಂದು ಹೆಮ್ಮೆಯಿಂದ ತಂಬಿಗೆ ತುಂಬಿ ತಲೆಯ ಮೇಲೆ ಎತ್ತಿದೆ. ಎಡಗೈ ನನ್ನನ್ನು ಕೇಳದೆ ಮೇಲೆ ಬಂದು ಮೂಗು ಹಿಡಿಯಿತು. ಹುಂ ಎಂದೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತಿತು.